ಮೂವತ್ತೊಂದರಿಂದ ಮತ್ತೆ ಒಂದಕ್ಕೆ

ಬುಧವಾರ, ಮಧ್ಯಾಹ್ನ

ನನ್ನ ಮುದ್ದಿನ ಮರಿಗೆ,

ಅಮ್ಮ ತಲೆ ಸವರಿ ಬರೆಯುವುದು. ನಾನು ಚೆನ್ನಾಗಿದ್ದೇನೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ನೀನು ಕಾಗದವನ್ನು ಮೇಲಿನಿಂದ ಓದುವವಳಲ್ಲ, ಕೆಟ್ಟ ಸುದ್ದಿ ಎಲ್ಲಿದೆ ಅಂತ ಕಣ್ಣಾಡಿಸುವವಳು. ಕೆಟ್ಟ ಸುದ್ದಿ ಇಲ್ಲ. ಮತ್ತೆ ತಲೆ ಸುತ್ತಿ ಬಿದ್ದಿಲ್ಲ, ಬಾಯಿ ಸೊಟ್ಟಗಾಗಿಲ್ಲ, ಮಾತ್ರೆ ತಪ್ಪಿಸಿಲ್ಲ. ಆಟದ ಖಾತೆಯನ್ನು ಯಾರೂ ಕದ್ದೂ ಇಲ್ಲ. ಎಷ್ಟೋ ದಿನದ ಮೇಲೆ ಭಾನುವಾರ ನೀನು ಫೋನಿನಲ್ಲಿ ನೋಡಿದಾಗ ನನ್ನ ಹೆಸರಿನ ಮುಂದೆ ಲೆವೆಲ್ ಮೂವತ್ತೊಂದು ಇರಬೇಕಾದ ಕಡೆ ಏಳು ಅಂತ ಇತ್ತಲ್ಲ, ಅದು ನಾನೇ ಮಾಡಿದ್ದು. ಕೈತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದ್ದು.

ಫೋನ್ ಎತ್ತಲಿಲ್ಲ ಅಂತ ಮುಖ ಊದಿಸಿಕೊಳ್ಳಬೇಡ. ಚೆನ್ನಾಗಿದ್ದೇನೆ, ಕಾಗದ ಬರೆಯುತ್ತೇನೆ ಅಂತ ಮೆಸೇಜ್ ಹಾಕಿದೆನಲ್ಲ. ಫೋನಿನಲ್ಲಾದರೆ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ಹತ್ತು ಆಡಿರುತ್ತೀಯ, ಕೊನೆಗೆ ನೀನು ಮೂಗು ಎಳೆಯುವ ಸದ್ದು ಕೇಳಿಸುತ್ತದೆ, ನಾನು ಕರಗಿ ಹೂಂ ಅಂದುಬಿಡುತ್ತೇನೆ. ಈ ಸಲ ಹೂಂ ಅನ್ನುವ ಹಾಗಿಲ್ಲ. ಆ ಏಳನ್ನು ಕಂಡವಳೇ ಬರುವ ಭಾನುವಾರಕ್ಕೆ ವ್ಯಾನ್ ಗೊತ್ತುಮಾಡಿದ್ದೀಯ. ನಿನ್ನ ಊರಿನಲ್ಲಿ ದೊಡ್ಡ ಮನೆ ನೋಡಿಟ್ಟಿದ್ದೀಯ. ನನ್ನನ್ನೂ ನನ್ನ ಹೊಲಿಗೆ ಯಂತ್ರವನ್ನೂ ಮಂಚವನ್ನೂ ಹೇರಿಕೊಂಡು ಹೋಗುವುದು ಅಂತ ನೀನೊಬ್ಬಳೇ ಕೂತು ತೀರ್ಮಾನಿಸಿದ್ದೀಯ. ನಾನು ಬರುವುದಿಲ್ಲ. ಬಲಗೈ ಮತ್ತೆ ಕತ್ತರಿ ಹಿಡಿಯಬೇಕು, ನನ್ನ ಕಟಿಂಗ್ ಟೇಬಲ್ ನನಗೆ ವಾಪಸ್ ಬರಬೇಕು, ಅಲ್ಲಿಯವರೆಗೆ ಈ ಮನೆ ಬಿಟ್ಟು ಕದಲುವುದಿಲ್ಲ. ಯಾಕೆ ಅಂತ ಹೇಳಲು ಈ ಕಾಗದ.

ಅಕ್ಷರ ನೋಡಿ ಗಾಬರಿಯಾಗಬೇಡ. ಸೋಮವಾರದಿಂದ ಬರೆಯುತ್ತಿದ್ದೇನೆ. ಬಲಗೈ ಸೋತಾಗ ನಿಲ್ಲಿಸುತ್ತೇನೆ, ಚಹಾ ಕುಡಿದು ಮತ್ತೆ ಶುರು ಮಾಡುತ್ತೇನೆ. ನಿನ್ನ ಒಂದನೇ ಕ್ಲಾಸಿನ ಅಕ್ಷರಕ್ಕಿಂತ ಇದು ವಾಸಿ ಅಂತ ನನ್ನ ಅಭಿಪ್ರಾಯ.

ಮೊದಲಿನಿಂದ ಹೇಳುತ್ತೇನೆ, ನಿನಗೆ ಗೊತ್ತಿರುವುದೂ ಸೇರಿಕೊಳ್ಳುತ್ತದೆ, ಸಹಿಸಿಕೋ. ಲಕ್ವ ಹೊಡೆದ ಆವತ್ತು ಬಟ್ಟೆ ಕಾರ್ಖಾನೆಯಲ್ಲಿ ಕತ್ತರಿ ಕೈಯಿಂದ ಜಾರಿತು ಅಂತ ಬಗ್ಗಿದವಳು ಏಳಲಾಗದೆ ಕಟಿಂಗ್ ಟೇಬಲ್ಲಿನ ಕೆಳಗೇ ಕೂತೆ. ಪಕ್ಕದವರು ನಾನು ಏನೋ ಹುಡುಕುತ್ತಿದ್ದೇನೆ ಅಂದುಕೊಂಡು ತಮ್ಮ ಕಾಲು ಸರಿಸಿ ಜಾಗ ಮಾಡಿಕೊಟ್ಟರಂತೆ. ಆಮೇಲೆ ಕಾಲು ಬೇಗ ಸರಿಹೋಯಿತು. ಮಾತಂತೂ ಒಂದು ದಿನವೂ ನಿಲ್ಲಲಿಲ್ಲ ಅಂತ ನೀನೇ ಆಡಿಕೊಂಡೆ. ಬಲಗೈ ಮಾತ್ರ ಮಡಿಲಲ್ಲಿ ಇಟ್ಟ ಕಡೆಯೇ ಬಿದ್ದಿರುತ್ತಿತ್ತು. ಫಿಸಿಯೋ ಮೇಡಂ ರಬ್ಬರ್ ಚೆಂಡು ಕೊಟ್ಟು ದಿನಾ ಹಿಸುಕಿ ಅಂದರು. ಇಡೀ ಕಾರ್ಖಾನೆಗೆ ಸಮವಸ್ತ್ರ ಕತ್ತರಿಸಿಕೊಟ್ಟು ಮಾಸ್ಟರಮ್ಮ ಅನ್ನಿಸಿಕೊಂಡವಳು ಕಿಟಕಿ ಪಕ್ಕ ಕೂತು ಚೆಂಡು ಹಿಸುಕುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಚೆಂಡು ಸೋಫಾದ ಕೆಳಗೆ ಉರುಳಿತು, ನಾನು ಹುಡುಕಲೂ ಹೋಗಲಿಲ್ಲ.

ಆಗ ನೀನು ನಿನ್ನ ಹಳೆಯ ಆಟದ ಪೆಟ್ಟಿಗೆ ಹೊತ್ತು ತಂದು ಟೀವಿಗೆ ಸಿಕ್ಕಿಸಿದೆ. ರಾಕ್ಷಸರು, ಕಾಡು, ಕೋಟೆ, ನಡುವೆ ಹಾರುವ ಹಾವು. ಇದೇನು ಮಕ್ಕಳಾಟ ಅಂತ ನಾನು ಮೂಗು ಮುರಿದೆ. ನೀನು ಕಂಟ್ರೋಲರನ್ನು ನನ್ನ ಎರಡೂ ಕೈಗಳ ನಡುವೆ ಇಟ್ಟು, ಎಡಗೈ ಹೆಬ್ಬೆರಳಿನಿಂದ ನಡೆಯಬೇಕು, ಬಲಗೈ ತೋರುಬೆರಳಿನಿಂದ ಬಿಲ್ಲು ಎಳೆಯಬೇಕು, ಒತ್ತಿ ಹಿಡಿ, ಆಮೇಲೆ ಬಿಡು ಅಂತ ಹೇಳಿಕೊಟ್ಟೆ. ಒತ್ತೋದು, ಹಿಡಿಯೋದು, ಬಿಡೋದು, ನಿನ್ನ ಕತ್ತರಿ ಕೇಳೋದೂ ಇಷ್ಟೇ ಅಲ್ವೇನಮ್ಮ ಅಂದೆ. ಆ ಮಾತಿಗೆ ಬಿದ್ದೆ ನಾನು. ನನ್ನ ಬಿಲ್ಲುಗಾತಿಗೆ ಕತ್ತರಿ ಅಂತಲೇ ಹೆಸರಿಟ್ಟೆ. ನೀನು ಹಡಗುಕಟ್ಟೆಯಲ್ಲಿ ಎಂಜಿನ್ ಬಿಚ್ಚುತ್ತ ಇದ್ದರೂ ಅಲ್ಲಿಂದಲೇ ನನ್ನ ಲೆವೆಲ್ ನೋಡಬಹುದು ಅಂತ ನಿನ್ನನ್ನು ಸ್ನೇಹಿತರ ಪಟ್ಟಿಗೆ ಸೇರಿಸಿದೆ. ಲೆವೆಲ್ ಏರಿದರೆ ಕೈ ಗುಣವಾಗುತ್ತಿದೆ ಅಂತ ಲೆಕ್ಕ, ಇದು ನಮ್ಮಿಬ್ಬರ ಒಪ್ಪಂದ.

ಮೊದಲು ಮಾಡಿದ ಕಸುಬುಗೇಡಿತನ ನೆನಪಿದೆಯಾ? ಲೆವೆಲ್ ಏರಿದಾಗಲೆಲ್ಲ ಆಟ ಐದು ಅಂಕ ಕೊಡುತ್ತದೆ, ಬಲಕ್ಕೋ ಚುರುಕಿಗೋ ಬುದ್ಧಿಗೋ ಹಾಕಿಕೊಳ್ಳಬೇಕು. ನಾನು ಎಲ್ಲಕ್ಕೂ ಸಮನಾಗಿ ಹಂಚಿದೆ. ಯಾವುದಕ್ಕೂ ಅನ್ಯಾಯ ಆಗಬಾರದು ಅಂತ. ಕೊನೆಗೆ ನನ್ನ ಕತ್ತರಿ ಯಾವುದಕ್ಕೂ ಬಾರದವಳಾಗಿ ಒಂದು ಇಲಿಯ ಕೈಯಲ್ಲಿ ಸತ್ತಳು. ನೀನು ಫೋನಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಲ್ಲರಿಗೂ ಬಡಿಸೋಕೆ ಇದೇನು ಪಂಕ್ತಿ ಊಟವಾ ಅಮ್ಮ, ಒಂದೆರಡಕ್ಕೆ ಸುರಿದುಬಿಡು ಅಂದೆ.

ಉಳಿದದ್ದನ್ನು ಬೇಗ ಕಲಿತೆ, ಅದನ್ನು ನೀನೂ ಒಪ್ಪಬೇಕು. ಆಟದ ಊರಿನಿಂದ ಹೊರಗೆ ಕಾಲಿಡುವ ಮೊದಲು ಅಲ್ಲಿನವರು ಒಪ್ಪಿಸುವ ಒಂದೇ ದಿಕ್ಕಿನ ಕೆಲಸಗಳನ್ನೆಲ್ಲ ಒಟ್ಟಿಗೆ ಹಿಡಿಯಬೇಕು ಅಂದೆಯಲ್ಲ, ಗಿರಣಿಯವನ ಕಳೆದುಹೋದ ಚೀಲ, ವೈದ್ಯೆಗೆ ಬೇಕಾದ ಬೇರು, ಕಾವಲುಗಾರನಿಗೆ ಬಾವಲಿಯ ಹಲ್ಲು, ಮೂರೂ ಒಂದೇ ಓಡಾಟದಲ್ಲಿ. ಬಟ್ಟೆ ಪದರ ಪದರ ಹಾಸಿ ಒಂದೇ ಹಾಸಿನಲ್ಲಿ ಮೂರು ಅಳತೆ ತೆಗೆಯುವವಳಿಗೆ ಇದನ್ನು ಹೇಳಿಕೊಡಬೇಕಾ? ತನಗಿಂತ ಚಿಕ್ಕದನ್ನು ಹೊಡೆದರೆ ಲೆವೆಲ್ ಏರಿಸುವ ಅಂಕ ಬರುವುದಿಲ್ಲ, ತುಂಬ ದೊಡ್ಡದನ್ನು ಕೆಣಕಿದರೆ ನಾವೇ ಇರುವುದಿಲ್ಲ, ಒಂದು ಕೈ ಮೇಲಿರುವುದನ್ನು ಹುಡುಕಬೇಕು. ಛತ್ರದಲ್ಲಿ ಮಲಗಿ ಎದ್ದರೆ ಸ್ವಲ್ಪ ಹೊತ್ತು ಅಂಕ ಇಮ್ಮಡಿ. ಔಷಧಿ ಶೀಶೆಗಳನ್ನು ಕೂಡಿಡಬಾರದು, ಕುಡಿಯಬೇಕು. ಇದೊಂದು ಮಾತ್ರ ನನಗೆ ಕಷ್ಟವಾಯಿತು. ಚೀಲ ತುಂಬ ಶೀಶೆ ಇಟ್ಟುಕೊಂಡೇ ಸಾಯುತ್ತಿದ್ದೆ.

ಆದರೆ ತಿಳಿದದ್ದನ್ನೆಲ್ಲ ಮಾಡಲು ಬೆರಳು ಬೇಕಲ್ಲ. ಆರನೇ ಲೆವೆಲ್ಲಿನಲ್ಲಿ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೆ. ನೀನು ಫೋನಿನಲ್ಲಿ ಪರವಾಗಿಲ್ಲಮ್ಮ, ನಿಧಾನಕ್ಕೆ ಅನ್ನುತ್ತಿದ್ದೆ, ಆ ದನಿ ಮಾತ್ರ ಪರವಾಗಿಲ್ಲ ಅನ್ನುವ ದನಿಯಾಗಿರಲಿಲ್ಲ. ಒಂದು ಬೆಳಗ್ಗೆ ಸೆಟ್ಟಿಂಗ್ ಅಂತ ಇರುವ ಪುಟ ತೆರೆದು ಕೂತೆ. ಬಲಗೈಯ ಬಟನ್‌ಗಳ ಕೆಲಸವನ್ನೆಲ್ಲ ಎಡಗೈ ಕಡೆಗೆ ಬದಲಿಸಿಕೊಳ್ಳಬಹುದು ಅಂತ ಕಾಣಿಸಿತು. ಬದಲಿಸಿದೆ. ಆಮೇಲೆ ಬಿಲ್ಲು ಬಿಟ್ಟು ಮಂತ್ರದವಳಾದೆ, ಏಕೆಂದರೆ ಮಂತ್ರದವಳಿಗೆ ಒಂದು ತೋಳ ಕೊಡುತ್ತಾರೆ. ತೋಳವನ್ನು ಛೂ ಬಿಟ್ಟರೆ ಸಾಕು, ಅದೇ ಹೋಗಿ ಕಚ್ಚುತ್ತದೆ. ನಾನು ಮರದ ಹಿಂದೆ ನಿಂತಿರುತ್ತೇನೆ. ತೋಳ ಕೊಂದರೂ ಅಂಕ ಬರುವುದು ನನ್ನ ಖಾತೆಗೇ. ಬಲಗೈ ಪಕ್ಕದ ದಿಂಬಿನ ಮೇಲೆ ಆರಾಮಾಗಿ ಮಲಗಿರುತ್ತಿತ್ತು.

ಕೇಳಬೇಕಾ ಆಮೇಲೆ? ಹತ್ತಾಯಿತು, ಇಪ್ಪತ್ತಾಯಿತು. ನೀನು ಹಡಗುಕಟ್ಟೆಯ ಆ ಗದ್ದಲದಲ್ಲೂ ಹೋ ಅಂತ ಕೂಗಿದ್ದು ನನಗೆ ಕೇಳಿಸಿತು, ಅಕ್ಕಪಕ್ಕದವರಿಗೆಲ್ಲ ನಮ್ಮಮ್ಮ ಇಪ್ಪತ್ತು ಅಂತ ಸಾರಿದೆ. ನಾನು ಯಾಕೆ ಹಾಗೆ ಮಾಡಿದೆ ಅಂತ ಕೇಳಿದರೆ, ಅವಸರ ಅನ್ನು, ಜಂಬ ಅನ್ನು. ನಿನ್ನ ಆ ಕೂಗು ಕೇಳುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಕೈ ತಾನಾಗಿಯೇ ಹಿಂದಿನಿಂದ ಬರುತ್ತದೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಹೋದ ತಿಂಗಳು ಫಿಸಿಯೋ ಮೇಡಂ ಹತ್ತಿರ ಹೋದಾಗ ಗತ್ತಿನಲ್ಲೇ ಹೋದೆ. ತೋರಿಸಿಕೊಳ್ಳಲು ಕಂಟ್ರೋಲರನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ. ದಿನಾ ಆಡ್ತಿದ್ದೀರಾ ಅಂತ ಅವರು ಕೇಳಿದರು. ಮೂವತ್ತೊಂದು ಅಂದೆ. ಅವರಿಗೆ ಅರ್ಥವಾಗಲಿಲ್ಲ, ಬಿಡಿಸಿ ಹೇಳಿದೆ, ಬೇಡದಷ್ಟು ಹೇಳಿದೆ. ಅವರು ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ಮೇಜಿನ ಮೇಲಿಟ್ಟು, ಬಲಗೈಯಲ್ಲಿ ಇದರ ಬಾಯಿ ತೆಗೀರಿ ನೋಡೋಣ ಅಂದರು. ನಾನು ಎರಡು ಬೆರಳಿಟ್ಟು ಒತ್ತಿದೆ. ಕ್ಲಿಪ್ಪು ಅಲುಗಾಡಲಿಲ್ಲ. ಹಲ್ಲು ಕಚ್ಚಿ ಒತ್ತಿದೆ. ಭುಜ ನಡುಗಿತು, ಕುತ್ತಿಗೆ ನಡುಗಿತು, ಕ್ಲಿಪ್ಪು ನನ್ನನ್ನು ನೋಡುತ್ತ ಹಾಗೇ ಕೂತಿತ್ತು. ಮೇಡಂ, ಆಟ ಹೇಗೆ ಆಡ್ತೀರಿ, ಹಿಡಿದು ತೋರಿಸಿ ಅಂದರು. ಅಭ್ಯಾಸಬಲ ನೋಡು, ಕಂಟ್ರೋಲರ್ ಹೋಗಿ ನೇರ ಎಡಗೈ ಸೇರಿತು, ಬಲಗೈ ಪಕ್ಕದ ಕುರ್ಚಿಯ ಮೇಲೆ ಹೋಗಿ ಮಲಗಿತು.

ಅವರು ಎರಡೂ ಕೈ ನೋಡಿದರು. ಆಮೇಲೆ, ನಿಮ್ಮ ಎಡಗೈ ತುಂಬಾ ಚೆನ್ನಾಗಿ ಗುಣ ಆಗಿದೆ ಮಾಸ್ಟರಮ್ಮ, ಅದಕ್ಕೆ ಏನೂ ಆಗಿರಲಿಲ್ಲ ಅನ್ನೋದೊಂದೇ ತೊಂದರೆ ಅಂದರು. ನನಗೆ ನಗುವೂ ಬಂತು, ನೆಲ ಬಾಯಿಬಿಡಬಾರದಾ ಅಂತಲೂ ಅನ್ನಿಸಿತು. ಮೊದಲ ತಿಂಗಳುಗಳಲ್ಲಿ ಕೈ ಕಲಿಯುವಷ್ಟು ಬೇಗ ಆಮೇಲೆ ಕಲಿಯುವುದಿಲ್ಲ, ಒಳ್ಳೆ ಕಾಲವನ್ನು ಸುಮ್ಮನೆ ಕಳೆದುಬಿಟ್ಟಿರಿ, ಹಾಗಂತ ಇನ್ನೂ ಬಾಗಿಲು ಮುಚ್ಚಿಲ್ಲ ಅಂದರು. ಯಾವಾಗಿಂದ ಶುರು ಮಾಡ್ತೀರಿ ಅಂತ ಕೇಳಿದರು. ಇವತ್ತೇ ಅಂದೆ.

ಮನೆಗೆ ಬಂದು ಬಟನ್‌ಗಳನ್ನು ಬಲಗೈಗೆ ವಾಪಸ್ ತಂದೆ. ಹೊರಟೆ ಆಟದ ಜೌಗುನೆಲದ ಕಡೆಗೆ. ಮೂವತ್ತೊಂದನೇ ಲೆವೆಲ್ಲಿಗೆ ತಕ್ಕ ಶತ್ರುಗಳು ಅಲ್ಲಿ ಇರುವುದು, ನನ್ನ ಬೆರಳು ಏಳುವುದರೊಳಗೆ ಅವು ನನ್ನ ಕಥೆ ಮುಗಿಸಿರುತ್ತಿದ್ದವು. ತೋಳವನ್ನು ಬಿಟ್ಟರೆ ಅದೇ ಎಲ್ಲವನ್ನೂ ಮುಗಿಸಿಬಿಡುತ್ತದೆ, ನನಗೆ ಕೆಲಸವೇ ಇಲ್ಲ. ನನಗೆ ಬೇಕಾಗಿದ್ದದ್ದು ನಿಧಾನಕ್ಕೆ ನಡೆಯುವ, ನಾನು ಬಿಲ್ಲು ಎಳೆಯುವವರೆಗೆ ಕಾಯುವ ಶತ್ರುಗಳು. ಅವು ಇರುವುದು ಒಂದನೇ ಲೆವೆಲ್ಲಿನಲ್ಲಿ. ಹಳೆಯ ಪಾತ್ರ ಅದರ ಪಾಡಿಗೆ ಇರಲಿ, ಪಕ್ಕದಲ್ಲಿ ಇನ್ನೊಂದು ಶುರು ಮಾಡಬಹುದಿತ್ತಲ್ಲ ಅಂತ ನೀನು ಕೇಳುತ್ತೀಯ. ನನ್ನ ಬುದ್ಧಿ ನನಗೆ ಗೊತ್ತಿಲ್ಲವಾ. ಒಂದು ಸಂಜೆ ಮನಸ್ಸು ಕೆಟ್ಟರೆ ಸಾಕು, ನಾನು ಹೋಗಿ ಆ ತೋಳದ ಹಿಂದೆ ನಿಂತುಕೊಳ್ಳುತ್ತೇನೆ. ಅದಕ್ಕೇ ಅಳಿಸಲು ಕೂತೆ.

ಆಟ ಸುಮ್ಮನೆ ಅಳಿಸಲು ಬಿಡುವುದಿಲ್ಲ. ನಿಜವಾಗಿಯೂ ಬೇಕಾ ಅಂತ ಕೇಳುತ್ತದೆ, ಆಮೇಲೆ ಹಾಗಾದರೆ ಪಾತ್ರದ ಹೆಸರನ್ನು ಬರೆ ಅನ್ನುತ್ತದೆ. ಬಲಗೈ ತೋರುಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಮನಸ್ಸು ಬದಲಿಸಲು ಬೇಕಾದಷ್ಟು ಹೊತ್ತು ಸಿಕ್ಕಿತು ಅಂತ ಇಟ್ಟುಕೋ. ಬದಲಿಸಲಿಲ್ಲ. ತೋಳ ಮಾತ್ರ ಪಕ್ಕದಲ್ಲೇ ಕೂತು ಕಿವಿ ಅಲ್ಲಾಡಿಸುತ್ತಿತ್ತು.

ಹೊಸದಾಗಿ ಬಿಲ್ಲುಗಾತಿಯಾದೆ. ಮತ್ತೆ ಕತ್ತರಿ ಅಂತಲೇ ಹೆಸರು. ಮೊದಲ ದಿನ ನನ್ನನ್ನು ಒಂದು ಹೆಬ್ಬಾತು ಕೊಂದಿತು. ನಗು, ಪರವಾಗಿಲ್ಲ. ಆಗ ನನಗೊಂದು ವಿಷಯ ತಿಳಿಯಿತು. ಒತ್ತುವುದಲ್ಲ ಕಷ್ಟ, ಬಿಡುವುದು. ಬೆರಳು ಬಟನ್ ಒತ್ತುತ್ತದೆ, ಬಿಲ್ಲು ಎಳೆದುಕೊಳ್ಳುತ್ತದೆ, ಆಮೇಲೆ ಬೆರಳು ಮೇಲೇಳುವುದಿಲ್ಲ, ಅಂಟಿಕೊಂಡುಬಿಡುತ್ತದೆ. ಬಾಣ ಹೂಡಿಕೊಂಡು ಕಂಬದ ಹಾಗೆ ನಿಂತಿರುತ್ತೇನೆ, ಬಾತು ಕತ್ತು ಚಾಚಿಕೊಂಡು ನಡೆದು ಬರುತ್ತದೆ, ಬಂದು ಕುಕ್ಕುತ್ತದೆ. ಕತ್ತರಿಯೂ ಹಾಗೆಯೇ, ಮುಚ್ಚಿದ್ದು ತೆರೆಯದಿದ್ದರೆ ಬಟ್ಟೆ ಮುಂದೆ ಹೋಗುವುದಿಲ್ಲ. ಇದನ್ನು ಮೇಡಂಗೆ ಹೇಳಿದಾಗ ಅವರು ಅದೇ ಸರಿಯಾದ ಜಾಗ, ಅಲ್ಲೇ ಕೆಲಸ ಮಾಡಿ ಅಂದರು.

ಹೊಳೆಯ ದಂಡೆಯಲ್ಲಿ ಕಲ್ಲಾಮೆ ಅಂತ ಒಂದು ಪ್ರಾಣಿ ಇದೆ, ನೀನು ಅದನ್ನು ತಿರುಗಿಯೂ ನೋಡಿರಲಿಕ್ಕಿಲ್ಲ. ಅದಕ್ಕೆ ಅವಸರ ಅನ್ನುವುದೇ ಇಲ್ಲ. ಒಂದು ಹೆಜ್ಜೆ ಇಡುತ್ತದೆ, ಯೋಚಿಸುತ್ತದೆ, ಇನ್ನೊಂದು ಇಡುತ್ತದೆ. ನಾನು ಒತ್ತಿ, ಹಿಡಿದು, ಎಡಗೈ ಮುಟ್ಟಿಸದೆ ಬಲಗೈ ಬೆರಳನ್ನು ಬೇಡಿಕೊಂಡು ಎಬ್ಬಿಸುವವರೆಗೂ ಅದು ಕಾಯುತ್ತದೆ. ಅಂಕ ಕಡಿಮೆ. ಆದರೆ ಊರಿನ ಕುಂಬಾರನಿಗೆ ಅದರ ಚಿಪ್ಪು ಬೇಕು, ಮೀನುಗಾರ್ತಿಗೆ ಅದರ ಉಗುರು ಬೇಕು, ಗಿರಣಿಯವನಿಗೆ ದಂಡೆ ಖಾಲಿಯಾದರೆ ಸಾಕು. ಮೂರು ಕೆಲಸ ಹಿಡಿದುಕೊಂಡು ಹೋಗಿ ಆಮೆ ಹೊಡೆದರೆ ಅಂಕ ಸಾಕಷ್ಟು ಸೇರುತ್ತದೆ. ಬೆಳಗ್ಗೆ ಸ್ವಲ್ಪ, ಊಟದ ಮೊದಲು ಸ್ವಲ್ಪ, ಕೈ ಬಿಸಿಯಾಯಿತು ಅಂದರೆ ಛತ್ರಕ್ಕೆ ಹೋಗಿ ಕತ್ತರಿಯನ್ನು ಮಲಗಿಸಿ ನಾನೂ ಕಾಲು ಚಾಚುತ್ತೇನೆ. ಲೆವೆಲ್ ಏರಿದಾಗ ಸಿಗುವ ಐದು ಅಂಕವನ್ನೆಲ್ಲ ಚುರುಕಿಗೇ ಸುರಿದಿದ್ದೇನೆ. ಬಿಲ್ಲಿಗೆ ಬಲವೂ ಬೇಕು ಅಂತ ನೀನು ವಾದ ಮಾಡುತ್ತೀಯ. ಬೇಕಾಗಿರಬಹುದು. ಇದು ನನ್ನ ಇಷ್ಟ.

ನಿನ್ನೆ ಎಂಟರಿಂದ ಒಂಬತ್ತಕ್ಕೆ ಏರಿದೆ. ಆಮೆಯಲ್ಲ, ಹಂದಿ. ನನಗಿಂತ ಒಂದು ಕೈ ಮೇಲಿನದು, ನುಗ್ಗಿ ಬರುವಂಥದ್ದು. ಎಳೆದೆ, ಹಿಡಿದೆ, ಹತ್ತಿರ ಬರಲಿ ಅಂತ ಕಾದೆ, ಬಿಟ್ಟೆ. ಬೆರಳು ಎದ್ದಿತು. ನಾನು ಹೇಳಿದ ಕೂಡಲೇ ಎದ್ದಿತು ಮರಿ, ಬೇಡಿಕೊಳ್ಳದೆ, ದಮ್ಮಯ್ಯ ಅನ್ನದೆ. ಹಂದಿ ಅಲ್ಲೇ ಉರುಳಿತು. ಮನೆಯಲ್ಲಿ ಯಾರೂ ಇರಲಿಲ್ಲ. ಎದ್ದು ನಿಂತೆ, ಏನು ಮಾಡಬೇಕು ತಿಳಿಯದೆ ಮತ್ತೆ ಕೂತೆ. ತುಂಬ ಸಂತೋಷವಾಯಿತು.

ಮೂವತ್ತೊಂದರ ದಿನ ಇದರ ಕಾಲುಭಾಗದಷ್ಟೂ ಆಗಿರಲಿಲ್ಲ.

ಇನ್ನು ಕಾರ್ಖಾನೆಯ ವಿಷಯ. ಸೋಮವಾರ ಬೆಳಗ್ಗೆ ಹೋಗಿದ್ದೆ, ನಿನಗೆ ಹೇಳಿರಲಿಲ್ಲ. ಮೆಟ್ಟಿಲು ಹತ್ತುವಾಗಲೇ ಇಸ್ತ್ರಿಯ ಹಬೆ ಮೂಗಿಗೆ ಬಂತು, ಅರ್ಧ ಕಾಯಿಲೆ ಅಲ್ಲೇ ವಾಸಿಯಾಯಿತು. ಯಜಮಾನರು ಎದ್ದು ನಿಂತು ಕುರ್ಚಿ ಹಾಕಿಸಿದರು. ನೀವು ಬರೋದೇ ಸಾಕು ಮಾಸ್ಟರಮ್ಮ, ಇಲ್ಲಿ ಸುಮ್ಮನೆ ಕೂತು ಬಾಯಲ್ಲಿ ಹೇಳಿ, ಕತ್ತರಿಸೋರು ಕತ್ತರಿಸ್ತಾರೆ, ಸಂಬಳಕ್ಕೆ ಏನೂ ಯೋಚನೆ ಬೇಡ ಅಂದರು. ಒಳ್ಳೆಯ ಮನುಷ್ಯ, ಮನಸ್ಸಿಟ್ಟು ಹೇಳಿದ ಮಾತು, ಕಣ್ಣಲ್ಲಿ ನೀರು ಬಂತು ನನಗೆ. ಆದರೆ ಅವರು ಕೊಡುತ್ತಿರುವುದು ಇನ್ನೊಂದು ತೋಳ ಅಂತ ಗೊತ್ತಾಯಿತು. ಬೇಡ ಯಜಮಾನರೇ, ಕುರ್ಚಿ ಬೇಡ, ಕೈಗೆ ಕೆಲಸ ಕೊಡಿ ಅಂದೆ. ಏನು ಕೆಲಸ ಅಂದರು. ಕಿಟಕಿಯ ಹತ್ತಿರ ಹೊಸದಾಗಿ ಸೇರಿದವರು ಕೂತು ದಾರದ ತುದಿ ಕತ್ತರಿಸುತ್ತಾರಲ್ಲ, ಜೇಬಿನ ಒಳಬಟ್ಟೆ ಕತ್ತರಿಸುತ್ತಾರಲ್ಲ, ಆ ಟೇಬಲ್ಲು ಅಂದೆ.

ಯಜಮಾನರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಲ್ಲಿ ಹೇಗೆ ಕೂರಿಸಲಿ ನಿಮ್ಮನ್ನ, ಜನ ಏನಂದುಕೊಳ್ತಾರೆ ಅಂದರು. ಜನ ಅಂದುಕೊಳ್ಳುವುದನ್ನು ಕೇಳಿಕೊಂಡು ನಾನು ಯಾವತ್ತೂ ಬಟ್ಟೆ ಕತ್ತರಿಸಿಲ್ಲ ಅಂದೆ. ಕೊನೆಗೆ ಒಪ್ಪಿದರು, ಅರ್ಧ ದಿನ, ವಾರಕ್ಕೆ ನಾಲ್ಕು ದಿನ. ನನ್ನ ಹಳೆಯ ಟೇಬಲ್ಲಿನಲ್ಲಿ ಈಗ ಇರುವವಳು ನಾನೇ ಕಲಿಸಿದ ಹುಡುಗಿ, ನೀನು ನೋಡಿದ್ದೀಯ, ನಾವೆಲ್ಲ ಸೂಜಿ ಅಂತ ಕರೆಯುತ್ತಿದ್ದ ಆ ಉದ್ದನೆಯವಳು. ನನ್ನನ್ನು ಕಂಡವಳೇ ಕತ್ತರಿ ಕೆಳಗಿಟ್ಟು ಪಕ್ಕಕ್ಕೆ ಸರಿದು, ಬನ್ನಿ ಅಕ್ಕ, ನಿಮ್ಮ ಜಾಗ ಅಂದಳು. ನೀನು ಅಲ್ಲೇ ನಿಂತಿರು, ಕೊಡಬೇಡ, ನಾನೇ ಬಂದು ತಗೊಳ್ತೀನಿ ಅಂದೆ. ಅವಳು ನಕ್ಕಳು. ಹಾಗಾದ್ರೆ ನಾನೂ ಸುಲಭಕ್ಕೆ ಬಿಡಲ್ಲ ಅಕ್ಕ ಅಂದಳು. ಅವಳಿಂದ ನನಗೆ ಬೇಕಾಗಿದ್ದದ್ದು ಈ ಮಾತೇ.

ಮೊದಲ ದಿನ ಕತ್ತರಿಸಿದ ಜೇಬಿನ ಬಟ್ಟೆಗಳು ಒಂದಕ್ಕೊಂದು ಅಕ್ಕ ತಂಗಿಯರಾಗಿರಲಿಲ್ಲ, ಒಂದೊಂದು ಒಂದೊಂದು ಮನೆಯವು. ಅರ್ಧಕ್ಕರ್ಧ ವ್ಯರ್ಥ. ಪಕ್ಕದಲ್ಲಿ ಕೂತ ಹೊಸ ಹುಡುಗಿ ನನಗೆ ಕತ್ತರಿ ಹಿಡಿಯುವುದು ಹೇಗೆ ಅಂತ ತೋರಿಸಿಕೊಟ್ಟಳು. ಅವಳಿಗೆ ನಾನು ಯಾರು ಅಂತ ಗೊತ್ತಿಲ್ಲ, ನಾನೂ ಹೇಳಲಿಲ್ಲ, ಅವಳು ತೋರಿಸಿದ ಹಾಗೆಯೇ ಹಿಡಿದೆ. ಮಂಗಳವಾರ ಸ್ವಲ್ಪ ವಾಸಿ. ಇವತ್ತು ಬೆಳಗ್ಗೆ ಕೊನೆಯ ಕಟ್ಟಿನಲ್ಲಿ ಒಂದನ್ನೂ ಎಸೆಯಬೇಕಾಗಲಿಲ್ಲ. ಮನೆಗೆ ಬಂದು, ಮೇಡಂ ಮುಂದಿಟ್ಟಂಥದ್ದೇ ಒಂದು ಬಟ್ಟೆ ಕ್ಲಿಪ್ಪನ್ನು ಬಲಗೈಯಲ್ಲಿ ಒತ್ತಿ ನೋಡಿದೆ, ಅರ್ಧ ಬಾಯಿ ತೆರೆಯಿತು.

ಆದ್ದರಿಂದ ವ್ಯಾನಿನವನಿಗೆ ಬೇಡ ಅಂತ ಹೇಳಿಬಿಡು. ಕೈ ಪೂರ್ತಿ ಬರುತ್ತದೆ ಅಂತ ಫಿಸಿಯೋ ಮೇಡಂ ಬರೆದುಕೊಟ್ಟಿಲ್ಲ, ನಾನೂ ಬರೆದುಕೊಡುವುದಿಲ್ಲ. ದಪ್ಪ ಕೋಟಿನ ಬಟ್ಟೆಯ ಮೇಲೆ ದೊಡ್ಡ ಕತ್ತರಿ ಓಡಿಸಲು ಇನ್ನೂ ಬಹಳ ದೂರವಿದೆ. ಕಾಫಿ ಡಬ್ಬಿಯ ಮುಚ್ಚಳ ತೆಗೆಯಲು ಇವತ್ತಿಗೂ ಕೆಳಗಿನ ಮನೆಯವರನ್ನು ಕರೆಯುತ್ತೇನೆ. ಆದರೆ ನಿನ್ನ ಮನೆಗೆ ಬಂದರೆ ನೀನು ನನಗೆ ಮುಚ್ಚಳ ತೆಗೆದುಕೊಡುತ್ತೀಯ, ಗುಂಡಿ ಹಾಕುತ್ತೀಯ, ಅನ್ನ ಕಲಸಿಕೊಡುತ್ತೀಯ, ಪ್ರೀತಿಯಿಂದಲೇ ಮಾಡುತ್ತೀಯ, ನನ್ನ ಬಲಗೈ ಮತ್ತೆ ದಿಂಬಿನ ಮೇಲೆ ಮಲಗುತ್ತದೆ. ನನಗೆ ಬೇಡ. ಭಾನುವಾರ ಬೇಕಾದರೆ ನೀನೊಬ್ಬಳೇ ಬಾ. ಬಂದು ಎದುರಿಗೆ ಕೂತು ಹಂದಿ ಹೊಡೆಯುವುದನ್ನು ನೋಡು. ಬಾಯಿ ಹಾಕಬಾರದು, ಕಂಟ್ರೋಲರಿಗೂ ಕೈ ಹಾಕಬಾರದು.

ಸಿಟ್ಟು ಬಂದಿದ್ದರೆ ಬರಲಿ. ನಿನಗೆ ಸಿಟ್ಟು ಬಂದಾಗ ಎಂಜಿನ್ ಚೆನ್ನಾಗಿ ರಿಪೇರಿ ಮಾಡುತ್ತೀಯ ಅಂತ ಕೇಳಿದ್ದೇನೆ.

ಹಟದಲ್ಲಿ ನಿನಗಿಂತ ಒಂದು ಕೈ ಮೇಲಿರುವ,
ಒಂಬತ್ತನೇ ಲೆವೆಲ್ಲಿನ ನಿನ್ನ ಅಮ್ಮ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮನಸ್ಸು ತಡೆಯದೆ ಮತ್ತೆ ಹೊರಗೆ ತೆಗೆದೆ. ಎಡಗೈಗೆ ಬದಲಿಸಿದ್ದು ಅವಸರಕ್ಕೆ, ಜಂಬಕ್ಕೆ ಅಂತ ಮೇಲೆ ಬರೆದೆನಲ್ಲ, ಅದು ಸುಳ್ಳು. ನಾನು ಆರರಲ್ಲಿ ಸಿಕ್ಕಿಕೊಂಡಿದ್ದ ವಾರ ನಿನ್ನ ಕೋಣೆಯ ಗೆಳತಿ ನನಗೆ ಫೋನ್ ಮಾಡಿದ್ದಳು. ಅವಳನ್ನು ಬಯ್ಯಬೇಡ, ಅವಳಿಗೆ ನಿನ್ನ ಮೇಲೆ ಪ್ರೀತಿ. ದೂರ ಸಮುದ್ರಕ್ಕೆ ಹೋಗುವ ಹಡಗಿನಲ್ಲಿ ನಿನಗೆ ಎಂಜಿನ್ ಕೋಣೆಯ ಕೆಲಸ ಸಿಕ್ಕಿದೆ, ನೀನು ಚಿಕ್ಕಂದಿನಿಂದ ಕೇಳಿದ್ದು ಅದೊಂದನ್ನೇ, ಈಗ ನಮ್ಮಮ್ಮ ಮೂವತ್ತು ಮುಟ್ಟಲಿ ಆಮೇಲೆ ಹೇಳ್ತೀನಿ ಅಂತ ಅವರನ್ನು ಕಾಯಿಸುತ್ತಿದ್ದೀಯ ಅಂದಳು. ಅದಕ್ಕೇ ನಾನು ತೋಳ ತಂದದ್ದು. ಓಡೋಡಿ ಮೂವತ್ತು ಮುಟ್ಟಿದೆ. ಆ ಸಂಜೆ ನೀನು ಫೋನ್ ಮಾಡಿ ಏನಂದೆ? ಇನ್ನು ನಲವತ್ತಮ್ಮ ಅಂದೆ. ಆಗ ಗೊತ್ತಾಯಿತು, ನಾನು ನೂರು ಮುಟ್ಟಿದರೂ ನೀನು ಹೋಗುವುದಿಲ್ಲ ಅಂತ. ನನ್ನ ಕೈ ನನ್ನ ಕೆಲಸ, ಮರಿ. ನಿನ್ನ ಹಡಗಿಗೂ ಅದಕ್ಕೂ ಗಂಟು ಹಾಕಬೇಡ. ಹಡಗಿನವರು ಇನ್ನೂ ಕಾಯುತ್ತಿದ್ದಾರಂತೆ, ಈ ವಾರವೇ ಹೂಂ ಅನ್ನು. ಇವತ್ತು ಬೆಳಗ್ಗೆ ನಾನು ನಿನ್ನನ್ನು ಆಟದ ಸ್ನೇಹಿತರ ಪಟ್ಟಿಯಿಂದ ತೆಗೆದುಹಾಕಿದ್ದೇನೆ. ಇನ್ನು ನಿನ್ನ ಫೋನಿನಲ್ಲಿ ನನ್ನ ಲೆವೆಲ್ ಕಾಣುವುದಿಲ್ಲ. ಕೈ ಹೇಗಿದೆ ಅಂತ ತಿಳಿಯಬೇಕಾದರೆ ಸಮುದ್ರದಿಂದ ಫೋನ್ ಮಾಡಿ ನನ್ನನ್ನೇ ಕೇಳು. ನಿಜ ಹೇಳುತ್ತೇನೆ.